ಮಂಡಿ ಸವೆತ: ರಕ್ತ ಎಷ್ಟು ಹೇಳಬಲ್ಲದು?

ಕಳಸ, ಬಾಳೂರು, ಮೂಡಿಗೆರೆ ಸೀಮೆಯಲ್ಲಿ ಕಾಫಿ ಕುಯ್ಲು ಮುಗಿಯುತ್ತ ಬಂದಂತೆ ಮಂಡಿ ನೋವಿನ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಊರಿ ದಿನವಿಡೀ ಹಣ್ಣು ಬಿಡಿಸಬೇಕು. ಉದುರಿದ್ದನ್ನು ಕುಕ್ಕರಗಾಲಿನಲ್ಲಿ ಕೂತು ಹೆಕ್ಕಬೇಕು. ತುಂಬಿದ ಚೀಲ ಹೊತ್ತು ರಸ್ತೆಯವರೆಗೆ ಏರಬೇಕು. ಮೆಣಸಿಗೆ ಏಣಿ ಹತ್ತಬೇಕು, ಮಳೆಗಾಲದಲ್ಲಿ ಗದ್ದೆಯ ಕೆಸರಿನಿಂದ ಕಾಲು ಕೀಳಬೇಕು. ಇಷ್ಟೂ ಮಂಡಿಯ ಮೇಲೆಯೇ ನಡೆಯುವ ಬದುಕು. ಐವತ್ತು ದಾಟಿದ ಹೆಂಗಸರು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ವೈದ್ಯರ ಮುಂದೆ ಕೂತಾಗ ಕೇಳುವ ಪ್ರಶ್ನೆ ಒಂದೇ: "ರಕ್ತ ಟೆಸ್ಟ್ ಮಾಡಿಸಿದ್ರೆ ಗೊತ್ತಾಗಲ್ವಾ ಡಾಕ್ಟ್ರೇ?"

ಪ್ರಶ್ನೆ ನ್ಯಾಯವಾದದ್ದೇ. ಸಕ್ಕರೆ ಕಾಯಿಲೆಯನ್ನು ರಕ್ತ ಹೇಳುತ್ತದೆ, ಥೈರಾಯ್ಡ್ ತೊಂದರೆಯನ್ನು ಹೇಳುತ್ತದೆ, ಮಲೆನಾಡನ್ನು ಕಾಡುವ ಮಂಗನ ಕಾಯಿಲೆಯನ್ನೂ ಹೇಳುತ್ತದೆ. ಮಂಡಿಯೊಳಗೆ ಏನೋ ಸವೆಯುತ್ತಿದ್ದರೆ ಆ ಸವೆದ ಪುಡಿ ಎಲ್ಲಿಗಾದರೂ ಹೋಗಲೇಬೇಕಲ್ಲ? ಹೋಗುತ್ತದೆ. ರಕ್ತಕ್ಕೇ ಹೋಗುತ್ತದೆ, ಅಲ್ಲಿಂದ ಮೂತ್ರಕ್ಕೂ ಹೋಗುತ್ತದೆ. ಅದನ್ನು ಅಳೆದು ಮಂಡಿಯ ಸ್ಥಿತಿ ಹೇಳಬಹುದೇ ಎಂದು ವಿಜ್ಞಾನಿಗಳು ನಲವತ್ತು ವರ್ಷಗಳಿಂದ ಹುಡುಕುತ್ತಿದ್ದಾರೆ. ಹಾಗಿದ್ದೂ ಊರಿನ ಲ್ಯಾಬಿನಲ್ಲಿ ಇಂದು ಮಂಡಿ ನೋವಿಗೆ ಬರೆಸುವ ಇಎಸ್‌ಆರ್, ಸಿಆರ್‌ಪಿ, ಯೂರಿಕ್ ಆಸಿಡ್, ಆರ್‌ಎ ಫ್ಯಾಕ್ಟರ್‌ಗಳಲ್ಲಿ ಒಂದೂ ಸವೆತವನ್ನು ಹುಡುಕುವುದಿಲ್ಲ. ಅವು ಬೇರೆ ಕಾಯಿಲೆಗಳನ್ನು, ಅಂದರೆ ಆಮವಾತ, ಗೌಟ್, ಸೋಂಕು ಇಂಥವನ್ನು ಹುಡುಕುತ್ತವೆ. ಎಲ್ಲ "ನಾರ್ಮಲ್" ಎಂದು ಬಂದಾಗ ರೋಗಿಗೆ ಗೊಂದಲವಾಗುತ್ತದೆ. ರಿಪೋರ್ಟ್ ಚೆನ್ನಾಗಿದೆ, ನೋವು ಮಾತ್ರ ಇದ್ದಲ್ಲೇ ಇದೆ.

ಈ ಹುಡುಕಾಟ ಎಲ್ಲಿಂದ ಹೊರಟಿತು, ಯಾವ ಯಾವ ಕವಲುಗಳಾಗಿ ಒಡೆಯಿತು, ಈಗ ಎಲ್ಲಿದೆ ಎಂಬುದನ್ನು ಇಲ್ಲಿ ನೋಡೋಣ. ಮಲೆನಾಡಿನವರಿಗೆ ಇದನ್ನು ಕೇಳಲು ಇನ್ನೊಂದು ಕಾರಣವೂ ಇದೆ. ಕೀಲು ಸವೆತವೇ ವಂಶದಲ್ಲಿ ಇಳಿದು ಬರುವ, ಜಗತ್ತಿನಲ್ಲೇ ಅಪರೂಪದ ಒಂದು ಕಾಯಿಲೆ ನಮ್ಮ ಪಕ್ಕದ ಹಳ್ಳಿಗಳಲ್ಲಿದೆ. ಅದರ ಕಡೆಗೂ ಬರುತ್ತೇನೆ.

ಎಕ್ಸ್-ರೇ ಕಟ್ಟಿಕೊಟ್ಟ ಕಾಯಿಲೆ

ಮಂಡಿ ಸವೆತ, ವೈದ್ಯರ ಮಾತಿನಲ್ಲಿ ಆಸ್ಟಿಯೋ ಆರ್ಥ್ರೈಟಿಸ್, ಮನುಷ್ಯನಷ್ಟೇ ಹಳೆಯದು. ಆದರೆ ಅದಕ್ಕೊಂದು ಅಳತೆಗೋಲು ಸಿಕ್ಕಿದ್ದು 1957ರಲ್ಲಿ. ಇಂಗ್ಲೆಂಡಿನ ಜೊನಸ್ ಕೆಲ್‌ಗ್ರೆನ್ ಮತ್ತು ಜಾನ್ ಲಾರೆನ್ಸ್ ಎಂಬ ವೈದ್ಯರು ಎಕ್ಸ್-ರೇ ಚಿತ್ರ ನೋಡಿ 0ಯಿಂದ 4ರವರೆಗೆ ದರ್ಜೆ ಕೊಡುವ ಕ್ರಮ ಮಾಡಿದರು. ಮೂಳೆಯ ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಖಚಿತವಾಗಿ ಕಂಡರೆ 2, ಎರಡು ಮೂಳೆಗಳ ನಡುವಿನ ಸಂದು ಹೆಚ್ಚುಕಡಿಮೆ ಮುಚ್ಚಿಹೋಗಿದ್ದರೆ 4. "ನಿಮಗೆ ಗ್ರೇಡ್ ಮೂರು" ಎಂದು ಇವತ್ತು ಮೂಳೆ ವೈದ್ಯರು ಹೇಳುವುದು ಇದೇ ಲೆಕ್ಕದಲ್ಲಿ.

ಈ ಅಳತೆಗೋಲಿಗೆ ಎರಡು ದೊಡ್ಡ ಕೊರತೆಗಳಿವೆ. ಸವೆಯುವುದು ಮೂಳೆಯ ತುದಿಗೆ ಹೊದಿಸಿದ ಕಾರ್ಟಿಲೇಜ್, ಅಂದರೆ ಮೃದ್ವಸ್ಥಿ. ಎಕ್ಸ್-ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲ. ಮೂಳೆಗಳ ನಡುವಿನ ಸಂದು ಕಿರಿದಾದದ್ದನ್ನು ನೋಡಿ ಅದು ಸವೆದಿರಬೇಕೆಂದು ಊಹಿಸುತ್ತೇವೆ. ಹಾಗೆ ಕಿರಿದಾಗುವ ಹೊತ್ತಿಗೆ ಸವೆತ ವರ್ಷಗಟ್ಟಲೆ ಹಿಂದೆಯೇ ಶುರುವಾಗಿರುತ್ತದೆ. ಎರಡನೆಯ ಕೊರತೆ ಇನ್ನೂ ಗಂಭೀರ. ಚಿತ್ರಕ್ಕೂ ನೋವಿಗೂ ತಾಳೆಯಾಗುವುದಿಲ್ಲ. ಚಿತ್ರದಲ್ಲಿ ಮಂಡಿ ಪೂರ್ತಿ ಸವೆದಂತೆ ಕಾಣುವವರು ಗದ್ದೆ ಕೆಲಸ ಮಾಡಿಕೊಂಡಿರುತ್ತಾರೆ, ಚಿತ್ರ ಚೆನ್ನಾಗಿರುವವರು ಮೆಟ್ಟಿಲು ಹತ್ತಲಾರದೆ ಒದ್ದಾಡುತ್ತಾರೆ. ಮೃದ್ವಸ್ಥಿಗೆ ನರಗಳೇ ಇಲ್ಲದಿರುವುದು ಇದಕ್ಕೊಂದು ಕಾರಣ. ನೋವು ಹುಟ್ಟುವುದು ಅದರ ಕೆಳಗಿನ ಮೂಳೆಯಲ್ಲಿ, ಕೀಲಿನ ಒಳಪೊರೆಯಲ್ಲಿ, ಸುತ್ತಲಿನ ಅಸ್ಥಿರಜ್ಜುಗಳಲ್ಲಿ.

1986ರಲ್ಲಿ ಅಮೆರಿಕದ ಸಂಧಿರೋಗ ತಜ್ಞರ ಸಂಘ ಮಂಡಿ ಸವೆತಕ್ಕೆ ಲಕ್ಷಣಗಳ ಪಟ್ಟಿಯೊಂದನ್ನು ಮಾಡಿತು. ನೋವು, ವಯಸ್ಸು 50 ದಾಟಿರುವುದು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುವುದು, ಮಡಿಸಿದಾಗ ಕಟಕಟ ಸದ್ದು, ಮೂಳೆ ದಪ್ಪವಾಗಿರುವುದು ಇತ್ಯಾದಿ. ಆ ಪಟ್ಟಿಯ ಒಂದು ಆವೃತ್ತಿಯಲ್ಲಿ ರಕ್ತ ಪರೀಕ್ಷೆಯೂ ಇತ್ತು: ಇಎಸ್‌ಆರ್ 40ಕ್ಕಿಂತ ಕಡಿಮೆ ಇರಬೇಕು, ಆರ್‌ಎ ಫ್ಯಾಕ್ಟರ್ ಇರಬಾರದು. ಗಮನಿಸಿ, ಅಲ್ಲಿ ರಕ್ತದ ಪಾತ್ರ "ಸವೆತ ಇದೆ" ಎನ್ನುವುದಲ್ಲ, "ಬೇರೆಯದು ಇಲ್ಲ" ಎನ್ನುವುದು. ನಮ್ಮ ಲ್ಯಾಬುಗಳು ಇಂದಿಗೂ ನಿಂತಿರುವುದು ಅಲ್ಲಿಯೇ.

ಒಡೆದ ಚೂರುಗಳು

ಮೃದ್ವಸ್ಥಿಯ ಬಹುಭಾಗ ನೀರು. ಆ ನೀರನ್ನು ಹಿಡಿದಿಡುವುದು ಅಗ್ರಿಕಾನ್ ಎಂಬ ದೊಡ್ಡ ಅಣು. ಅಗ್ರಿಕಾನನ್ನು ಬಿಗಿದು ನಿಲ್ಲಿಸುವುದು ಎರಡನೇ ಬಗೆಯ ಕೊಲಾಜೆನ್ ಎಂಬ ನಾರು. ಈ ನಾರಿನ ಜೋಡಣೆಗೆ ನೆರವಾಗುವ ಇನ್ನೊಂದು ಪ್ರೋಟೀನಿಗೆ ಕಾಂಪ್ ಎಂದು ಹೆಸರು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಸವೆತದಲ್ಲಿ ಕಿಣ್ವಗಳು ಮೊದಲು ಅಗ್ರಿಕಾನನ್ನು, ಆಮೇಲೆ ಕೊಲಾಜೆನ್ನನ್ನು ಕತ್ತರಿಸುತ್ತವೆ. ಕತ್ತರಿಸಿದ ಚೂರುಗಳು ಕೀಲಿನ ದ್ರವಕ್ಕೆ ಸೇರಿ, ಅಲ್ಲಿಂದ ದುಗ್ಧನಾಳಗಳ ಮೂಲಕ ರಕ್ತಕ್ಕೆ ಬರುತ್ತವೆ, ಕೊನೆಗೆ ಮೂತ್ರಪಿಂಡದಲ್ಲಿ ಸೋಸಿ ಹೊರಹೋಗುತ್ತವೆ.

1985ರಲ್ಲಿ ಅಮೆರಿಕದಲ್ಲಿ ಯೂಜೀನ್ ಥೊನಾರ್ ಮತ್ತು ಸಂಗಡಿಗರು ಅಗ್ರಿಕಾನಿನ ಭಾಗವಾದ ಕೆರಟಾನ್ ಸಲ್ಫೇಟನ್ನು ರಕ್ತದಲ್ಲಿ ಅಳೆದು, ಇದು ಮೃದ್ವಸ್ಥಿ ಒಡೆಯುವುದರ ಗುರುತು ಎಂದರು. 1992ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಟೋರೆ ಸ್ಯಾಕ್ಸ್‌ನೆ ಮತ್ತು ಡಿಕ್ ಹೈನೆಗಾರ್ಡ್ ಕೀಲಿನ ದ್ರವದಲ್ಲೂ ರಕ್ತದಲ್ಲೂ ಕಾಂಪ್ ಅಳೆದು ತೋರಿಸಿದರು. 2000ದ ಆಸುಪಾಸಿನಲ್ಲಿ ಕೊಲಾಜೆನ್ ನಾರಿನ ತುದಿಯ ಒಂದು ತುಣುಕು, ಸಿಟಿಎಕ್ಸ್-2, ಮೂತ್ರದಲ್ಲಿ ಅಳತೆಗೆ ಸಿಕ್ಕಿತು. ಇಡೀ ಕ್ಷೇತ್ರದಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದ ಗುರುತು ಇದೇ. ರಕ್ತದ ಗುರುತು ಎಂದು ನಾವು ಕರೆಯುವವುಗಳಲ್ಲಿ ಮುಂಚೂಣಿಯದು ಮೂತ್ರದ್ದು ಎಂಬುದನ್ನೂ ನೆನಪಿಡಬೇಕು.

ಚೂರುಗಳನ್ನು ಅಳೆಯುವ ಈ ಮೊದಲ ಪಂಥದವರ ತರ್ಕ ನೇರವಾಗಿದೆ. ಚೂರು ಹೆಚ್ಚಿದ್ದರೆ ಒಡೆಯುವುದು ಹೆಚ್ಚಿದೆ. ಸವೆತ ಇರುವವರ ಗುಂಪನ್ನು ಇಲ್ಲದವರ ಗುಂಪಿನ ಪಕ್ಕ ಇಟ್ಟರೆ ಸರಾಸರಿಯಲ್ಲಿ ಸಿಟಿಎಕ್ಸ್-2 ಹೆಚ್ಚೇ ಇರುತ್ತದೆ, ಕಾಂಪ್ ಕೂಡ ಹಲವು ಅಧ್ಯಯನಗಳಲ್ಲಿ ಹೆಚ್ಚಿರುತ್ತದೆ. ಇಷ್ಟು ನಿಜ, ಮತ್ತೆ ಮತ್ತೆ ಸಾಬೀತಾಗಿದೆ. ತೊಡಕು ಶುರುವಾಗುವುದು ಗುಂಪಿನಿಂದ ಒಬ್ಬ ವ್ಯಕ್ತಿಗೆ, ವ್ಯಕ್ತಿಯಿಂದ ಒಂದು ಮಂಡಿಗೆ ಬಂದಾಗ.

ಮಳೆಗಾಲದಲ್ಲಿ ಕಳಸದ ಬಳಿ ಭದ್ರೆಯ ನೀರು ಕೆಂಪಾದರೆ ಮೇಲೆಲ್ಲೋ ಮಣ್ಣು ಕೊಚ್ಚಿದೆ ಎಂದು ತಿಳಿಯುತ್ತದೆ, ಯಾವ ಗುಡ್ಡದ್ದು ಎಂದು ತಿಳಿಯುವುದಿಲ್ಲ. ರಕ್ತದ್ದೂ ಅದೇ ಕಥೆ. ಎರಡು ಮಂಡಿ, ಎರಡು ಸೊಂಟದ ಕೀಲು, ಬೆರಳುಗಳ ಸಾಲು, ಬೆನ್ನುಮೂಳೆಯ ಉದ್ದಕ್ಕೂ ಇರುವ ಬಿಲ್ಲೆಗಳು, ಎಲ್ಲವೂ ಚೂರು ಕಳಿಸುತ್ತವೆ. ಮಂಡಿಯ ಮೃದ್ವಸ್ಥಿ ದೇಹದ ಒಟ್ಟು ಮೃದ್ವಸ್ಥಿಯಲ್ಲಿ ಸಣ್ಣ ಪಾಲು. ಸಾಲದ್ದಕ್ಕೆ ಅಳತೆ ಗಳಿಗೆಗೊಂದು ರೀತಿ ಬದಲಾಗುತ್ತದೆ. ಅರ್ಧ ಗಂಟೆ ನಡೆದರೆ ಕಾಂಪ್ ಏರುತ್ತದೆ, ರಾತ್ರಿ ಮಲಗಿದಾಗ ಇಳಿಯುತ್ತದೆ. ಮೂತ್ರಪಿಂಡ ನಿಧಾನವಾದರೆ ಚೂರುಗಳು ಉಳಿದುಕೊಳ್ಳುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಸಿಟಿಎಕ್ಸ್-2 ಏರುತ್ತದೆ. ತೋಟದ ಏರು ಹತ್ತಿಳಿದು ಬಂದು ರಕ್ತ ಕೊಟ್ಟವರನ್ನೂ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರನ್ನೂ ಒಂದೇ ಅಂಕಿಯಿಂದ ಅಳೆಯುವುದು ಸರಿಯಲ್ಲ.

ಇನ್ನೂ ಆಳದ ಪ್ರಶ್ನೆಯೊಂದಿದೆ. 2000ದಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಲೆಕ್ಕ ಹಾಕಿದಂತೆ ಮೃದ್ವಸ್ಥಿಯ ಕೊಲಾಜೆನ್‌ನಲ್ಲಿ ಅರ್ಧದಷ್ಟು ಹೊಸದಾಗಲು ನೂರು ವರ್ಷಕ್ಕೂ ಹೆಚ್ಚು ಬೇಕು. 2016ರಲ್ಲಿ ಡೆನ್ಮಾರ್ಕಿನ ತಂಡವೊಂದು ಮತ್ತೊಂದು ದಾರಿ ಹಿಡಿಯಿತು. 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಹೆಚ್ಚಾಗಿತ್ತಲ್ಲ, ಅದು ಮಂಡಿಯ ಕೊಲಾಜೆನ್‌ನಲ್ಲಿ ಎಷ್ಟಿದೆ ಎಂದು ಅಳೆದರು. ಬೆಳವಣಿಗೆ ಮುಗಿದ ಮೇಲೆ ಈ ನಾರು ಹೊಸದಾಗಿ ಹುಟ್ಟುವುದೇ ಇಲ್ಲವೆನ್ನುವಷ್ಟು ಕಡಿಮೆ ಎಂದು ತಿಳಿಯಿತು. ಮಂಡಿ ಆರೋಗ್ಯವಾಗಿದ್ದರೂ, ಸವೆದಿದ್ದರೂ ಫಲ ಅದೇ. ಹದಿಹರೆಯದಲ್ಲಿ ಕಟ್ಟಿಕೊಂಡ ನಾರನ್ನೇ ನಾವು ಸಾಯುವವರೆಗೆ ಬಳಸುತ್ತೇವೆ. ಹಾಗಾದರೆ ಸವೆತವೇ ಇಲ್ಲದ ಆರೋಗ್ಯವಂತರ ಮೂತ್ರದಲ್ಲೂ ದಿನದಿನವೂ ಕಾಣುವ ಕೊಲಾಜೆನ್ ಚೂರುಗಳು ಎಲ್ಲಿಂದ ಬರುತ್ತವೆ? ಈ ಪ್ರಶ್ನೆಯೇ ಎರಡನೇ ಪಂಥಕ್ಕೆ ಬಲ ಕೊಡುತ್ತದೆ.

ಮೂಳೆಯ ಕಡೆ ಬೆರಳು ತೋರುವವರು

ಮೃದ್ವಸ್ಥಿಯ ಮೇಲ್ಪದರ ಮೆತ್ತಗಿದೆ. ಬುಡದಲ್ಲಿ ಸುಣ್ಣಗಟ್ಟಿದ ಪದರವಿದ್ದು, ಅದರ ಕೆಳಗೆ ಮೂಳೆ. ಮೂಳೆ ಸದಾ ಒಡೆದು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಸಿಟಿಎಕ್ಸ್-2ರ ದೊಡ್ಡ ಪಾಲು ಈ ಗಡಿಯಲ್ಲಿ, ಮೂಳೆ ತಿನ್ನುವ ಕೋಶಗಳು ಸುಣ್ಣಗಟ್ಟಿದ ಪದರವನ್ನು ಕೆರೆಯುವಾಗ ಬರುತ್ತದೆ ಎನ್ನುವುದು ಈ ಪಂಥದ ವಾದ. ಹಾಗಿದ್ದರೆ ಅದು ಮೃದ್ವಸ್ಥಿಗಿಂತ ಹೆಚ್ಚಾಗಿ ಮೂಳೆಯ ಚಟುವಟಿಕೆಯ ಗುರುತು.

ಇದಕ್ಕೆ ಸಾಕ್ಷಿ ಸಿಕ್ಕಿದ್ದು ಒಂದು ಔಷಧದ ಸೋಲಿನಲ್ಲಿ. ರೈಸೆಡ್ರೊನೇಟ್ ಮೂಳೆ ಟೊಳ್ಳಾಗುವುದನ್ನು ತಡೆಯುವ ಮಾತ್ರೆ. ಅಮೆರಿಕ ಮತ್ತು ಯುರೋಪಿನಲ್ಲಿ ಸುಮಾರು 2,500 ಮಂಡಿ ಸವೆತದ ರೋಗಿಗಳ ಮೇಲೆ ಅದನ್ನು ಎರಡು ವರ್ಷ ಪ್ರಯೋಗಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಟಿಎಕ್ಸ್-2 ಚೆನ್ನಾಗಿಯೇ ಇಳಿಯಿತು. ನೋವು ಮಾತ್ರ ಹುಸಿಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ, ಎಕ್ಸ್-ರೇಯಲ್ಲಿ ಸಂದು ಕಿರಿದಾಗುವುದೂ ನಿಲ್ಲಲಿಲ್ಲ. ಅಂಕಿ ಸುಧಾರಿಸಿತು, ಮಂಡಿ ಸುಧಾರಿಸಲಿಲ್ಲ. ಲ್ಯಾಬ್ ರಿಪೋರ್ಟಿನ ಅಂಕಿಗೆ ಚಿಕಿತ್ಸೆ ಕೊಡುವ ಹಂಬಲ ಇರುವ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕಾದ ಪ್ರಯೋಗ ಇದು ಎಂದು ನನ್ನ ಭಾವನೆ.

ಉರಿಯೂತವೇ ಮೂಲ ಎನ್ನುವವರು

"ಸವೆತ" ಎಂಬ ಕಲ್ಪನೆಯನ್ನೇ ಒಪ್ಪದ ಮೂರನೇ ಗುಂಪೊಂದಿದೆ. ಚಕ್ರ ತಿರುಗಿ ಸವೆದಂತೆ ಮಂಡಿ ಸವೆಯುವುದಿಲ್ಲ. ಇಡೀ ಕೀಲು ಒಂದು ಅಂಗ, ಅದರ ಒಳಪೊರೆ ನಿಧಾನವಾಗಿ ಉರಿಯುತ್ತಿರುತ್ತದೆ ಎನ್ನುತ್ತಾರೆ ಇವರು. ಬೊಜ್ಜು ಇರುವವರಿಗೆ ಭಾರ ಹೊರದ ಕೈಬೆರಳುಗಳಲ್ಲೂ ಸವೆತ ಬರುವುದು ಇವರ ಬಲವಾದ ಸಾಕ್ಷಿ. ಕೊಬ್ಬಿನ ಅಂಗಾಂಶ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಇವರು ರಕ್ತದಲ್ಲಿ ನೋಡುವುದು ಒಳಪೊರೆಯಿಂದ ಬರುವ ಹೈಯಲೂರೊನಾನ್ ಎಂಬ ವಸ್ತುವನ್ನು, ಉರಿಯೂತದ ಪ್ರೋಟೀನುಗಳ ತುಣುಕುಗಳನ್ನು.

ನೋವು ಮತ್ತು ಊತವನ್ನು ಈ ವಾದ ಮೊದಲಿನ ಎರಡಕ್ಕಿಂತ ಚೆನ್ನಾಗಿ ವಿವರಿಸುತ್ತದೆ. ಆದರೆ ಹೈಯಲೂರೊನಾನನ್ನು ರಕ್ತದಿಂದ ತೆಗೆಯುವುದು ಯಕೃತ್ತು. ಯಕೃತ್ತು ಕೆಟ್ಟವರಲ್ಲಿ ಮಂಡಿ ಗಟ್ಟಿಯಾಗಿದ್ದರೂ ಅದು ಏರುತ್ತದೆ. ಬೆಳಿಗ್ಗೆ ಎದ್ದು ಓಡಾಡಿದರೂ ಏರುತ್ತದೆ. ಮಲೆನಾಡಿನಲ್ಲಿ ಚಿಕುನ್‌ಗುನ್ಯ ಬಂದುಹೋದ ಮೇಲೆ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡವರನ್ನು ನೆನೆಸಿಕೊಂಡರೆ, ಉರಿಯೂತದ ಗುರುತೊಂದರಿಂದಲೇ ಮಂಡಿ ಸವೆತ ಎನ್ನುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ.

ಒಂದಲ್ಲ, ಹಲವು ಒಟ್ಟಿಗೆ

2006ರಲ್ಲಿ ತಜ್ಞರ ಗುಂಪೊಂದು ಈ ಗದ್ದಲಕ್ಕೆ ಒಂದು ಶಿಸ್ತು ತಂದಿತು. ಗುರುತುಗಳನ್ನು ಅವು ಮಾಡುವ ಕೆಲಸದ ಮೇಲೆ ವಿಂಗಡಿಸಿದರು: ಕಾಯಿಲೆ ಎಷ್ಟು ಎಂದು ತೋರುವವು, ಮುಂದೆ ಹೆಚ್ಚಾಗುತ್ತದೆಯೇ ಎಂದು ಹೇಳುವವು, ಔಷಧ ಕೆಲಸ ಮಾಡಿತೇ ಎಂದು ಹೇಳುವವು, ಕಾಯಿಲೆಯನ್ನೇ ಪತ್ತೆ ಮಾಡುವವು, ಇನ್ನೂ ಸಂಶೋಧನೆಯ ಹಂತದಲ್ಲಿರುವವು. ಒಂದು ಕೆಲಸಕ್ಕೆ ಒದಗುವ ಗುರುತು ಇನ್ನೊಂದಕ್ಕೆ ಒದಗಬೇಕಿಲ್ಲ. ಈ ವಿಂಗಡಣೆಯಿಂದ ಒಂದು ಅಂಶ ಎದ್ದು ಕಂಡಿತು. ಪತ್ತೆಯ ಪಟ್ಟಿಯೇ ಎಲ್ಲಕ್ಕಿಂತ ಬಡವಾಗಿತ್ತು.

ಆಮೇಲೆ ದೊಡ್ಡ ಸಮೂಹಗಳ ಕಾಲ ಬಂತು. ಅಮೆರಿಕದಲ್ಲಿ 2004ರಿಂದ 4,796 ಜನರ ಮಂಡಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವಿದೆ. ಅದರಿಂದ 600 ಜನರನ್ನು ಆರಿಸಿ, ರಕ್ತ ಮತ್ತು ಮೂತ್ರದ ಹತ್ತಾರು ಗುರುತುಗಳನ್ನು ಅಳೆದು 2017ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವರ್ಜೀನಿಯಾ ಕ್ರಾಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಕಾಯಿಲೆ ಮುಂದುವರಿಯುವುದನ್ನು ಸೂಚಿಸುವುದರಲ್ಲಿ ಸಿಟಿಎಕ್ಸ್-2 ಮುಂದಿತ್ತು. ಆದರೆ ಎಲ್ಲವನ್ನೂ ಕೂಡಿಸಿದರೂ ಊಹೆಯ ಬಲ ನಾಣ್ಯ ಚಿಮ್ಮುವುದಕ್ಕಿಂತ ತುಸುವೇ ಮೇಲಿತ್ತು.

2024ರಲ್ಲಿ ಅದೇ ಕ್ರಾಸ್ ಅವರ ತಂಡದಿಂದ ಬಂದ ವರದಿ ಸುದ್ದಿ ಮಾಡಿತು. ಇಂಗ್ಲೆಂಡಿನ ಚಿಂಗ್‌ಫರ್ಡ್ ಎಂಬಲ್ಲಿನ 200 ಹೆಂಗಸರ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೂರಾರು ಪ್ರೋಟೀನ್ ತುಣುಕುಗಳನ್ನು ಹುಡುಕಿದರು. ಎಕ್ಸ್-ರೇಯಲ್ಲಿ ಸವೆತ ಕಾಣುವ ಎಂಟು ವರ್ಷ ಮೊದಲೇ ಅವರ ರಕ್ತ ಬೇರೆಯಾಗಿತ್ತು. ಆರೇ ಆರು ತುಣುಕುಗಳ ಗುಂಪು ಮುಂದೆ ಸವೆತ ಬರುವವರನ್ನು ಬಾರದವರಿಂದ ಬೇರ್ಪಡಿಸುವುದರಲ್ಲಿ ವಯಸ್ಸು, ತೂಕ, ಮಂಡಿ ನೋವುಗಳನ್ನು ಮೀರಿಸಿತು. ನಿಖರತೆಯ ಅಳತೆಯಲ್ಲಿ 1 ಎಂದರೆ ಪೂರ್ಣ, 0.5 ಎಂದರೆ ಕುರುಡು ಊಹೆ. ಈ ಗುಂಪಿಗೆ ಸಿಕ್ಕಿದ್ದು 0.77. ಇದಕ್ಕೂ ಮೊದಲು 2021ರಲ್ಲಿ ಐಸ್‌ಲೆಂಡಿನ ತಂಡವೊಂದು ಸಿಆರ್‌ಟಿಎಸಿ-1 ಎಂಬ ಪ್ರೋಟೀನ್ ರಕ್ತದಲ್ಲಿ ಹೆಚ್ಚಿರುವವರಿಗೆ ಮುಂದೆ ಕೀಲು ಬದಲಿಸಬೇಕಾಗುವ ಸಾಧ್ಯತೆ ಹೆಚ್ಚು ಎಂದು ತೋರಿಸಿತ್ತು.

ನನಗೆ ಈ ದಾರಿಯ ಮೇಲೆ ನಂಬಿಕೆ ಇದೆ, ಅವಸರವಿಲ್ಲ. ಆ ಇನ್ನೂರು ಜನರೂ ಬಿಳಿಯ ಹೆಂಗಸರು, ಒಂದೇ ಊರಿನವರು. ಅಮೆರಿಕದ ನಾರ್ತ್ ಕ್ಯಾರೊಲಿನಾದ ಜಾನ್ಸ್‌ಟನ್ ಕೌಂಟಿಯಲ್ಲಿ ಅಳೆದಾಗ ಕಾಂಪ್ ಮಟ್ಟವೇ ಗಂಡಸು, ಹೆಂಗಸು ಮತ್ತು ಜನಾಂಗದ ಮೇಲೆ ಬದಲಾಗಿತ್ತು. ಕಾಯಿಲೆ ಹರಡಿರುವ ರೀತಿಯೂ ಊರಿಂದ ಊರಿಗೆ ಒಂದೇ ಅಲ್ಲ. ಕುಕ್ಕರಗಾಲಿನಲ್ಲಿ ಕೂರುವ ಅಭ್ಯಾಸವಿರುವ ಬೀಜಿಂಗಿನ ಹೆಂಗಸರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮಿನ ಹೆಂಗಸರಿಗಿಂತ ಮಂಡಿ ಸವೆತ ಹೆಚ್ಚು ಎಂದು 2001ರಲ್ಲಿ ತಿಳಿದುಬಂದಿತ್ತು. ಚಿಂಗ್‌ಫರ್ಡಿನ ಅಂಕಿಯನ್ನು ಮಲೆನಾಡಿಗೆ ಹಾಗೆಯೇ ತಂದಿಡಲು ಬರುವುದಿಲ್ಲ.

ಪರೀಕ್ಷೆಯೇ ಬೇಕಿಲ್ಲ ಎನ್ನುವ ವೈದ್ಯರು

ಇನ್ನೊಂದು ಕಡೆ ನಿಂತವರು ದಿನವೂ ರೋಗಿಗಳನ್ನು ನೋಡುವವರು. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ 45 ದಾಟಿದವರಿಗೆ ಓಡಾಡಿದಾಗ ನೋವು ಬರುತ್ತಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆ ಮೀರದಿದ್ದರೆ ಎಕ್ಸ್-ರೇ ಕೂಡ ಇಲ್ಲದೆ ಮಂಡಿ ಸವೆತ ಎಂದು ಹೇಳಬಹುದು. ಯುರೋಪಿನ ಸಂಧಿರೋಗ ತಜ್ಞರು 2010ರಲ್ಲಿ ಲೆಕ್ಕ ಹಾಕಿ ಹೇಳಿದ್ದು ಇನ್ನೂ ಸ್ಪಷ್ಟ. ನೋವು, ಅಲ್ಪ ಕಾಲದ ಬಿಗಿತ, ಓಡಾಟಕ್ಕೆ ತೊಡಕು ಎಂಬ ಮೂರು ದೂರುಗಳು, ಜೊತೆಗೆ ಕಟಕಟ ಸದ್ದು, ಮಡಿಸಲು ಕಷ್ಟ, ಮೂಳೆ ಉಬ್ಬು ಎಂಬ ಮೂರು ಗುರುತುಗಳು, ಈ ಆರೂ ಕೂಡಿದ್ದರೆ ಎಕ್ಸ್-ರೇಯಲ್ಲಿ ಸವೆತ ಕಾಣುವ ಸಾಧ್ಯತೆ 99%. ವೈದ್ಯರ ಕೈಬೆರಳು ಇಷ್ಟು ಹೇಳುವಾಗ ರಕ್ತಕ್ಕೆ ಯಾಕೆ ದುಡ್ಡು?

ಲೆಕ್ಕವೂ ಇವರ ಪರವಾಗಿದೆ. ಆಗ್ರಾ, ಬೆಂಗಳೂರು, ಕೋಲ್ಕತ್ತ, ಡೆಹ್ರಾಡೂನ್, ಪುಣೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮಂಡಿ ಸವೆತ 28.7% ಜನರಲ್ಲಿ ಕಂಡಿತ್ತು. ನೂರಕ್ಕೆ ಎಂಬತ್ತು ಸಲ ಸರಿ ಹೇಳುವ ರಕ್ತ ಪರೀಕ್ಷೆಯೊಂದು ಇದೆ ಎಂದುಕೊಳ್ಳೋಣ. ಇಂಥ ನೂರು ಜನರನ್ನು ಪರೀಕ್ಷಿಸಿದರೆ ಕಾಯಿಲೆ ಇರುವ 29 ಜನರಲ್ಲಿ 23 ಮಂದಿಗೆ "ಇದೆ" ಎಂದು ಬರುತ್ತದೆ. ಕಾಯಿಲೆ ಇಲ್ಲದ 71 ಜನರಲ್ಲೂ 14 ಮಂದಿಗೆ "ಇದೆ" ಎಂದೇ ಬರುತ್ತದೆ. ಅದೇ ಪರೀಕ್ಷೆಯನ್ನು ನೂರಕ್ಕೆ ಐವರಲ್ಲಷ್ಟೇ ಕಾಯಿಲೆ ಇರುವ ಕಿರಿಯ ವಯಸ್ಸಿನವರಲ್ಲಿ ಮಾಡಿದರೆ ಸರಿಯಾದ "ಇದೆ" 4, ತಪ್ಪಾದ "ಇದೆ" 19. ಮೊದಲೇ ಪತ್ತೆ ಹಚ್ಚುತ್ತೇವೆ ಎಂದು ಹೊರಟವರಿಗೆ ಅತಿ ಹೆಚ್ಚು ತಪ್ಪು ಉತ್ತರ ಸಿಗುವುದು ಬೇಗ ಪತ್ತೆಯಾಗಬೇಕಾದ ಆ ವಯಸ್ಸಿನಲ್ಲಿಯೇ.

ಪತ್ತೆಯಾದ ಮೇಲೆ ಏನು ಎಂಬುದು ಇವರ ಕೊನೆಯ ಮಾತು. ಮೃದ್ವಸ್ಥಿಯ ನಾಶ ತಡೆಯುವುದೆಂದು ಅನುಮತಿ ಪಡೆದ ಔಷಧ ಇಂದು ಒಂದೂ ಇಲ್ಲ. ಸ್ಪ್ರಿಫರ್ಮಿನ್ ಎಂಬ ಚುಚ್ಚುಮದ್ದು ಮೃದ್ವಸ್ಥಿಯನ್ನು ತುಸು ದಪ್ಪ ಮಾಡಿತು, ನೋವನ್ನು ಮಾತ್ರ ಹುಸಿಮದ್ದಿಗಿಂತ ಹೆಚ್ಚು ಇಳಿಸಲಿಲ್ಲ ಎಂದು 2019ರ ವರದಿ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ಭಾರ ಹೊರುವ ಕೆಲಸ ಬದಲಿಸುವುದು, ಕೊನೆಗೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ, ಇವು ರಕ್ತದಲ್ಲಿ ಅಂಕಿ ಎಷ್ಟೇ ಇದ್ದರೂ ಬದಲಾಗುವುದಿಲ್ಲ.

ಒಬ್ಬ ರೋಗಿಯ ಮಟ್ಟಿಗೆ ಈ ವಾದ ಗೆದ್ದಿದೆ ಎಂದೇ ನಾನು ತಿಳಿದಿದ್ದೇನೆ. ಆದರೆ ಇದು ಹೇಳದೆ ಬಿಡುವ ಮಾತೊಂದಿದೆ. ಔಷಧ ಇಲ್ಲದಿರುವುದಕ್ಕೆ ಒಂದು ಕಾರಣವೇ ಗುರುತು ಇಲ್ಲದಿರುವುದು. ಎಕ್ಸ್-ರೇಯಲ್ಲಿ ವ್ಯತ್ಯಾಸ ಕಾಣಲು ವರ್ಷಗಳು ಬೇಕು. ಅಷ್ಟು ಕಾಲ ಸಾವಿರಾರು ಜನರನ್ನು ಹಿಂಬಾಲಿಸುವ ಪ್ರಯೋಗಕ್ಕೆ ಹಣ ಹಾಕುವವರು ಕಡಿಮೆ. ಬೇಗ ಸವೆಯುವ ಮಂಡಿಗಳು ಯಾವುವು ಎಂದು ರಕ್ತ ಹೇಳಿದರೆ ಸಣ್ಣ ಪ್ರಯೋಗವೂ ಉತ್ತರ ಕೊಟ್ಟೀತು. ಈ ಗುರುತುಗಳ ಬೆಲೆ ಇರುವುದು ಅಲ್ಲಿ, ಊರಿನ ಲ್ಯಾಬಿನಲ್ಲಲ್ಲ.

ಹಂದಿಗೋಡು ಕೇಳುವ ಪ್ರಶ್ನೆ

ಮೇಲಿನ ವಾದಗಳೆಲ್ಲ ವಯಸ್ಸಾದ ಮೇಲೆ ಬರುವ ಸವೆತದ ಮೇಲೆ ನಿಂತಿವೆ. ಮಲೆನಾಡಿನಲ್ಲಿ ಸವೆತ ಚಿಕ್ಕ ವಯಸ್ಸಿನಲ್ಲೇ ಬರುವ ಮನೆಗಳಿವೆ. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಕೆಟ್ಟು ನಡೆಯಲಾರದವರು ಒಂದೇ ಕಡೆ ಹಲವರು ಇರುವುದು ಬೆಳಕಿಗೆ ಬಂತು. ಆಮೇಲೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಕಂಡುಬಂತು. ಬಹುಪಾಲು ರೋಗಿಗಳು ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಬಡ ಕೂಲಿಕಾರರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಂಡ ಬಂದು ನೋಡಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ದಾಖಲಿಸಿತು.

ಕಾರಣ ಏನು ಎಂಬುದರ ಮೇಲೆ ಆಗಲೇ ಎರಡು ಪಕ್ಷ. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದರಿಂದ ಎಂಬುದು ಒಂದು ಅನುಮಾನ. ಹಸಿರು ಕ್ರಾಂತಿಯ ಔಷಧಗಳು ಗದ್ದೆಗೆ ಇಳಿದ ಕಾಲವದು, ಏಡಿ ಬಡವರ ಊಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದ ಅಧ್ಯಯನಗಳಲ್ಲಿ ವಂಶವೃಕ್ಷಗಳನ್ನೂ ಎಕ್ಸ್-ರೇಗಳನ್ನೂ ನೋಡಿದ ಮೇಲೆ ಬೇರೆ ಚಿತ್ರ ಕಂಡಿತು. ಇದು ಬೆನ್ನುಮೂಳೆಯ ಮತ್ತು ಉದ್ದ ಮೂಳೆಗಳ ತುದಿಯ ಬೆಳವಣಿಗೆಯನ್ನೇ ಕೆಡಿಸುವ, ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕಾಗುವ ವಂಶವಾಹಿ ದೋಷ. ಕೆಲವರಲ್ಲಿ ಬರಿಯ ಕೀಲು ಸವೆತ, ಕೆಲವರಲ್ಲಿ ಕುಳ್ಳತನವೂ ಸೇರಿದ ತೀವ್ರ ರೂಪ. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿ ಇದನ್ನು ಹೋಲುವ ಕಾಯಿಲೆ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಪ್ರಬಂಧ 1997ರಲ್ಲಿ ಬಂತು.

ರಕ್ತ ಮತ್ತು ಮೂತ್ರದ ಕಡೆಯಿಂದ ಈ ಕಾಯಿಲೆಯನ್ನು ನೋಡಿದವರು ಬೆಂಗಳೂರಿನ ನಿಮ್ಹಾನ್ಸ್‌ನ ಕೆ. ತಾರಾನಾಥ ಶೆಟ್ಟಿ, ಮಲ್ಲಿಕಾರ್ಜುನ ಬಡದಾನಿ ಮತ್ತು ಸಂಗಡಿಗರು. ಈ ಶತಮಾನದ ಮೊದಲ ದಶಕದಲ್ಲಿ ಅವರು ರೋಗಿಗಳ ಮೆಗ್ನೀಸಿಯಂ, ತಾಮ್ರ ಸಾಗಿಸುವ ಸೆರುಲೋಪ್ಲಾಸ್ಮಿನ್, ಮೂತ್ರದಲ್ಲಿ ಕೊಲಾಜೆನ್ ಒಡೆದಾಗ ಬರುವ ಪ್ರೋಲೀನ್ ಮತ್ತು ಹೈಡ್ರಾಕ್ಸಿಪ್ರೋಲೀನ್ ಪೆಪ್ಟೈಡುಗಳ ಕಡೆ ಗಮನ ಹರಿಸಿದರು. ಲುಂಡ್ ಮತ್ತು ಡ್ಯೂಕ್‌ಗಳಲ್ಲಿ ನಡೆಯುತ್ತಿದ್ದ ಹುಡುಕಾಟದ ಕನ್ನಡನಾಡಿನ ಕೊಂಡಿ ಇದು, ಸಿಗಬೇಕಾದಷ್ಟು ಗಮನ ಇದಕ್ಕೆ ಸಿಕ್ಕಿಲ್ಲ.

ಇಂಥ ಮನೆಯ ಮಗುವಿಗೆ ಕಾಯಿಲೆ ಬರುತ್ತದೆಯೇ ಎಂದು ಮೊದಲೇ ತಿಳಿಯುವುದರ ಬೆಲೆ ಏನೆಂದು ವಿವರಿಸಬೇಕಿಲ್ಲ. ಆದರೆ ಚೂರುಗಳ ಪರೀಕ್ಷೆ ಇಲ್ಲಿಯೇ ಹೆಚ್ಚು ತಡವರಿಸುತ್ತದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದ್ವಸ್ಥಿ ದಿನವೂ ಒಡೆದು ಮೂಳೆಯಾಗುತ್ತಿರುತ್ತದೆ, ಹಾಗಾಗಿ ಆರೋಗ್ಯವಂತ ಮಗುವಿನಲ್ಲೂ ಸಿಟಿಎಕ್ಸ್-2 ದೊಡ್ಡವರಿಗಿಂತ ಬಹಳ ಹೆಚ್ಚು. ಇಲ್ಲಿ ನೆರವಾಗಬಲ್ಲದ್ದು ವಂಶವಾಹಿ ಪರೀಕ್ಷೆ. 1995ರಲ್ಲಿ ಕಾಂಪ್ ಪ್ರೋಟೀನಿನ ವಂಶವಾಹಿಯಲ್ಲೇ ದೋಷವಿದ್ದರೆ ಕುಳ್ಳತನ ಮತ್ತು ಎಳೆಯ ವಯಸ್ಸಿನ ಕೀಲು ಸವೆತ ಬರುವ ಎರಡು ಕಾಯಿಲೆಗಳಾಗುತ್ತವೆ ಎಂದು ತಿಳಿದುಬಂದದ್ದು ಇದಕ್ಕೊಂದು ಮಾದರಿ. ಅದಕ್ಕೂ ರಕ್ತವೇ ಬೇಕು, ಆದರೆ ಹುಡುಕುವುದು ಚೂರನ್ನಲ್ಲ.

ಇನ್ನೂ ಇತ್ಯರ್ಥವಾಗದವು

ಮುಖ್ಯವಾದ ತಗಾದೆಗಳು ಇವು. ಸಿಟಿಎಕ್ಸ್-2ರಲ್ಲಿ ಮಂಡಿಯ ಮೃದ್ವಸ್ಥಿಯ ಪಾಲೆಷ್ಟು, ಮೂಳೆಯ ಗಡಿಯ ಪಾಲೆಷ್ಟು? ಮಂಡಿ ಸವೆತ ಒಂದೇ ಕಾಯಿಲೆಯೋ, ಅಥವಾ ಮೂಳೆಯಿಂದ, ಉರಿಯೂತದಿಂದ, ಪೆಟ್ಟಿನಿಂದ, ವಂಶದಿಂದ ಹುಟ್ಟಿ ಕೊನೆಗೆ ಒಂದೇ ರೂಪ ತಾಳುವ ಹಲವು ಕಾಯಿಲೆಗಳೋ? ಹಲವು ಎಂದಾದರೆ ಒಂದೇ ಪರೀಕ್ಷೆಯನ್ನು ಹುಡುಕುವುದೇ ತಪ್ಪು ದಾರಿ. ಎಕ್ಸ್-ರೇಯನ್ನೇ ಸತ್ಯದ ಅಳತೆಗೋಲು ಮಾಡಿಕೊಂಡು ಎಕ್ಸ್-ರೇಗಿಂತ ಮೊದಲು ಹೇಳುವ ಗುರುತನ್ನು ತೂಗುವುದು ಹೇಗೆ ಎಂಬ ತೊಡಕೂ ಬಗೆಹರಿದಿಲ್ಲ. ಇಳಿಜಾರಿನಲ್ಲಿ ದುಡಿಯುವ, ನೆಲದ ಮೇಲೆ ಕೂರುವ ಜನರಲ್ಲಿ ಈ ಗುರುತುಗಳ ಸಹಜ ಮಟ್ಟ ಯಾವುದು ಎಂಬುದನ್ನು ಇಂಗ್ಲೆಂಡಿನ ಹೆಂಗಸರ ರಕ್ತ ಹೇಳಲಾರದು.

ಓದುಗರು ಎರಡು ಮಾತು ಮನಸ್ಸಿನಲ್ಲಿಡಲಿ. ಮಂಡಿ ಸವೆತವನ್ನು ಪತ್ತೆ ಮಾಡಲು ಯಾವುದೇ ಪ್ರಮುಖ ಮಾರ್ಗಸೂಚಿ ಇಂದು ಮೃದ್ವಸ್ಥಿಯ ರಕ್ತ ಪರೀಕ್ಷೆಯನ್ನು ಶಿಫಾರಸು ಮಾಡುವುದಿಲ್ಲ. ಯಾರಾದರೂ ಅಂಥ ಪ್ಯಾಕೇಜು ಮುಂದಿಟ್ಟರೆ, ಇದರ ಫಲಿತಾಂಶದಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ. ಆದರೆ ಮಂಡಿ ಕೆಂಪಾಗಿ ಬಿಸಿಯಾಗಿದ್ದರೆ, ಜ್ವರವಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಹಳೆಯ ರಕ್ತ ಪರೀಕ್ಷೆಗಳನ್ನು ತಪ್ಪದೆ ಮಾಡಿಸಿ, ಅಲ್ಲಿ ಅವು ಮಂಡಿಯನ್ನೂ ಕೆಲವೊಮ್ಮೆ ಜೀವವನ್ನೂ ಉಳಿಸುತ್ತವೆ. ಇನ್ನು ನಮ್ಮ ವೈದ್ಯಕೀಯ ಕಾಲೇಜುಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಒಂದು ಬೇಡಿಕೆ: ಮುಂದಿನ ದೊಡ್ಡ ಅಧ್ಯಯನ ಮಲೆನಾಡಿನಲ್ಲಿ ನಡೆಯಲಿ, ಅದರಲ್ಲಿ ತೋಟದ ಕೂಲಿಕಾರರೂ ಹಂದಿಗೋಡು ಕಾಯಿಲೆಯ ಕುಟುಂಬಗಳೂ ಇರಲಿ, ರಕ್ತ ಕೊಟ್ಟವರಿಗೆ ಫಲಿತಾಂಶವನ್ನು ಅವರ ಮನೆಗೆ ಹೋಗಿ, ಕನ್ನಡದಲ್ಲಿ ತಿಳಿಸಲಿ.